ರಿಸೆಪ್ಟರ್ ಕೆಟ್ಟಿದೆ ಅಂತಾರೆ, ಅದನ್ನೇ ಸರಿ ಮಾಡೋಕೆ ಆಗಲ್ವಾ?

ಪ್ರಶ್ನೆ: ನನಗೆ 34 ವರ್ಷ, ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಎರಡು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ರಕ್ತಪರೀಕ್ಷೆಯಲ್ಲಿ ಆಂಟಿ-ಸಿಸಿಪಿ ತುಂಬಾ ಜಾಸ್ತಿ ಬಂದಿದೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ 15 ಮಿಲಿಗ್ರಾಂ, ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುತ್ತಿದ್ದೇನೆ. ಮೊದಲಿಗಿಂತ ವಾಸಿ. ಆದರೂ ಬೆಳಿಗ್ಗೆ ಒಂದು ಗಂಟೆ ಬೆರಳು ಮಡಚೋಕೆ ಆಗಲ್ಲ, ಮಣಿಕಟ್ಟು ಊದಿಕೊಂಡೇ ಇದೆ. ಬೋರ್ಡ್ ಮೇಲೆ ಬರೆಯೋದೇ ಕಷ್ಟ. ಡಾಕ್ಟರು ಈಗ ರಿಟುಕ್ಸಿಮಾಬ್ ಅಥವಾ ಟೊಫಾಸಿಟಿನಿಬ್ ಸೇರಿಸೋಣ ಅಂತಿದ್ದಾರೆ. ನನ್ನ ಮೈದುನ ಇಂಟರ್ನೆಟ್‌ನಲ್ಲಿ ಓದಿ, ‘ಅತ್ತಿಗೆ, ನಿಮ್ಮ ಇಮ್ಯೂನ್ ಸೆಲ್‌ಗಳ ರಿಸೆಪ್ಟರ್ ಕೆಟ್ಟಿವೆ, ಈ ಔಷಧಿಗಳು ಇರೋ ಇಮ್ಯುನಿಟಿಯನ್ನೂ ಸಾಯಿಸುತ್ತವೆ’ ಅಂತ ಹೆದರಿಸಿದ್ದಾನೆ. ಅತ್ತೆ ಇಮ್ಯುನಿಟಿ ಬರಲಿ ಅಂತ ದಿನಾ ಅಮೃತಬಳ್ಳಿ ಕಷಾಯ ಕೊಡುತ್ತಾರೆ. ಮಾವನವರಿಗೆ ಮೂರು ವರ್ಷದ ಹಿಂದೆ ಟಿಬಿ ಆಗಿ ವಾಸಿಯಾಗಿದೆ. ಆರು ವರ್ಷದ ಮಗಳಿದ್ದಾಳೆ, ಇನ್ನೊಂದು ಮಗು ಬೇಕು ಅಂತ ಆಸೆ. ಕೆಟ್ಟಿರೋ ರಿಸೆಪ್ಟರನ್ನೇ ಸರಿ ಮಾಡೋಕೆ ಆಗಲ್ವಾ? ಮಗಳಿಗೂ ಬರುತ್ತಾ? ಈ ಎರಡು ಔಷಧಿಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಚಿಂತೆಗಳು ಒಟ್ಟಿಗೆ ಇವೆ. ಅವುಗಳಲ್ಲಿ ಒಂದಕ್ಕೆ ಮಾತ್ರ ಕಾಯುವ ಸಮಯ ಇಲ್ಲ, ಅದನ್ನು ಮೊದಲು ಹೇಳುತ್ತೇನೆ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿರುವಾಗ ಗರ್ಭ ನಿಲ್ಲಬಾರದು. ಅದರಿಂದ ಗರ್ಭಪಾತ ಆಗಬಹುದು, ಮಗುವಿನ ಅಂಗಗಳ ಬೆಳವಣಿಗೆಯಲ್ಲಿ ದೋಷ ಬರಬಹುದು. ಮಗು ಬೇಕು ಅಂತ ತೀರ್ಮಾನಿಸಿದಾಗ ಡಾಕ್ಟರ ಜೊತೆ ಮಾತಾಡಿ ಅದನ್ನು ನಿಲ್ಲಿಸಿ, ಒಂದರಿಂದ ಮೂರು ತಿಂಗಳು ಬಿಟ್ಟು ಆಮೇಲೆ ಪ್ರಯತ್ನಿಸಬೇಕು. ಅಲ್ಲಿಯವರೆಗೆ ಗರ್ಭನಿರೋಧಕ ಬಳಸಲೇಬೇಕು. ಹಾಗಂತ ಗಾಬರಿಯಿಂದ ಇವತ್ತೇ ಮಾತ್ರೆ ಬಿಡಬೇಡಿ, ಕಾಯಿಲೆ ಮತ್ತೆ ಜೋರಾಗುತ್ತದೆ. ಮುಟ್ಟು ತಪ್ಪಿದ್ದರೆ ಮಾತ್ರ ಮುಂದಿನ ಡೋಸ್ ತೆಗೆದುಕೊಳ್ಳದೆ ಮೊದಲು ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಂಡು ಡಾಕ್ಟರಿಗೆ ಫೋನ್ ಮಾಡಿ.

ಇನ್ನೊಂದು ವಿಷಯ. ಫೋಲಿಕ್ ಆಸಿಡ್ ಬಗ್ಗೆ ನೀವು ಬರೆದಿಲ್ಲ. ಬಾಯಿಹುಣ್ಣು, ವಾಕರಿಕೆ, ರಕ್ತಕಣ ಕಡಿಮೆಯಾಗುವುದು ಇವನ್ನು ತಗ್ಗಿಸಲು ಮೆಥೊಟ್ರೆಕ್ಸೇಟ್ ಜೊತೆ ಅದು ಬೇಕು. ಬಹುಶಃ ಚೀಟಿಯಲ್ಲಿ ಇರುತ್ತದೆ, ಒಮ್ಮೆ ನೋಡಿ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ಅನ್ನುವುದು ನಿಮಗೆ ಗೊತ್ತಿದೆ. ಮಾತ್ರೆ ತೆಗೆದುಕೊಡುವ ಮನೆಯವರಿಗೂ ಅದು ಗೊತ್ತಿರಲಿ. ತಪ್ಪಿ ದಿನಾ ತೆಗೆದುಕೊಂಡು ಪ್ರಾಣಕ್ಕೇ ಕುತ್ತು ತಂದುಕೊಂಡವರಿದ್ದಾರೆ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ನಿಮ್ಮ ಮೈದುನ ಓದಿದ್ದರಲ್ಲಿ ಸ್ವಲ್ಪ ನಿಜ ಇದೆ. ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ರಿಸೆಪ್ಟರ್‌ಗಳ ಪಾತ್ರ ದೊಡ್ಡದು, ನಿಮಗೆ ಸೂಚಿಸಿರುವ ಎರಡೂ ಔಷಧಿಗಳಿಗೂ ಅವುಗಳ ಜೊತೆ ಸಂಬಂಧ ಇದೆ. ಆದರೆ ‘ಕೆಟ್ಟಿವೆ’ ಅನ್ನುವುದು ಸರಿಯಲ್ಲ. ನಿಮ್ಮ ರಿಸೆಪ್ಟರ್‌ಗಳು ಚೆನ್ನಾಗಿಯೇ ಕೆಲಸ ಮಾಡುತ್ತಿವೆ. ಅವುಗಳಲ್ಲಿ ಕೆಲವು ಗುರುತು ಹಿಡಿಯುತ್ತಿರುವುದು ನಿಮ್ಮದೇ ಮೈಯ ಪ್ರೋಟೀನನ್ನು, ತೊಂದರೆ ಇರುವುದು ಅಲ್ಲಿ.

ರಿಸೆಪ್ಟರ್ ಅಂದರೆ ಜೀವಕೋಶದ ಮೈಮೇಲೋ ಒಳಗೋ ಇರುವ ಒಂದು ಪ್ರೋಟೀನ್. ಅದಕ್ಕೆ ಹೊಂದುವ ವಸ್ತು ಬಂದು ಕೂತಾಗ ಕೋಶಕ್ಕೆ ಸುದ್ದಿ ಮುಟ್ಟುತ್ತದೆ, ಕೋಶ ಏನೋ ಒಂದು ಕೆಲಸಕ್ಕೆ ಇಳಿಯುತ್ತದೆ. ರೋಗನಿರೋಧಕ ಕೋಶಗಳಲ್ಲಿ ನೂರಾರು ಬಗೆಯ ರಿಸೆಪ್ಟರ್‌ಗಳಿವೆ. ನಿಮ್ಮ ಕಾಯಿಲೆಗೆ ಮುಖ್ಯವಾದದ್ದು ಎರಡು: ಟಿ ಮತ್ತು ಬಿ ಅನ್ನುವ ಎರಡು ಬಗೆಯ ಬಿಳಿ ರಕ್ತಕಣಗಳಿವೆ, ಆ ಟಿ ಕೋಶದ ರಿಸೆಪ್ಟರ್ ಮತ್ತು ಬಿ ಕೋಶದ ರಿಸೆಪ್ಟರ್.

ಇವೆರಡರ ವಿಶೇಷ ಏನು ಗೊತ್ತಾ? ಇವು ತಂದೆ ತಾಯಿಯಿಂದ ಸಿದ್ಧವಾಗಿ ಬರುವುದಿಲ್ಲ. ಪ್ರತಿ ಕೋಶವೂ ಬೆಳೆಯುವಾಗ ಕೆಲವು ಜೀನ್ ತುಂಡುಗಳನ್ನು ಕಲಸಿ, ಕತ್ತರಿಸಿ, ಜೋಡಿಸಿ ತನ್ನದೇ ಒಂದು ರಿಸೆಪ್ಟರ್ ತಯಾರಿಸಿಕೊಳ್ಳುತ್ತದೆ. ಬಿ ಕೋಶದಲ್ಲಿ ಇದು ನಡೆಯುವುದನ್ನು ತೋರಿಸಿಕೊಟ್ಟದ್ದಕ್ಕೆ ಜಪಾನಿನ ಸುಸುಮು ತೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ಮುಂದೆ ಯಾವ ರೋಗಾಣು ಬರುತ್ತದೋ ದೇಹಕ್ಕೆ ಗೊತ್ತಿಲ್ಲ. ಅದಕ್ಕೇ ಗುರಿಯಿಲ್ಲದೆ ಕೋಟಿಗಟ್ಟಲೆ ಬಗೆಯವನ್ನು ತಯಾರಿಸಿ ಇಟ್ಟುಕೊಳ್ಳುತ್ತದೆ. ಕಂಡು ಕೇಳರಿಯದ ವೈರಸ್ ಬಂದರೂ ಯಾವುದೋ ಒಂದು ಕೋಶ ಅದನ್ನು ಗುರುತಿಸುವುದು ಇದರಿಂದಲೇ. ಆದರೆ ಗುರಿಯಿಲ್ಲದೆ ತಯಾರಿಸಿದರೆ ಕೆಲವು ನಮ್ಮದೇ ಕೀಲು, ನಮ್ಮದೇ ಥೈರಾಯ್ಡ್, ನಮ್ಮದೇ ಚರ್ಮಕ್ಕೆ ಹೊಂದುವುದೂ ಸಹಜ. ಅಂಥ ಕೋಶಗಳು ಆರೋಗ್ಯವಂತರ ರಕ್ತದಲ್ಲೂ ಸಿಗುತ್ತವೆ. ನನ್ನಲ್ಲೂ ಇವೆ, ನಿಮ್ಮ ಮೈದುನನಲ್ಲೂ ಇವೆ. ನೀವು ಏನೋ ತಿಂದು, ಏನೋ ಮಾಡಿ ತಂದುಕೊಂಡದ್ದಲ್ಲ ಇದು.

ಹಾಗಾದರೆ ಎಲ್ಲರಿಗೂ ಕಾಯಿಲೆ ಯಾಕೆ ಬರುವುದಿಲ್ಲ? ಮೂರು ಹಂತದ ತಡೆ ಇದೆ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಟಿ ಕೋಶಗಳ ಪರೀಕ್ಷೆ ನಡೆಯುತ್ತದೆ. ಸ್ವಂತ ಪ್ರೋಟೀನಿಗೆ ಗಟ್ಟಿಯಾಗಿ ಅಂಟುವ ಕೋಶಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ತಪ್ಪಿಸಿಕೊಂಡು ಹೊರಬಂದವನ್ನು ಹದ್ದುಬಸ್ತಿನಲ್ಲಿಡಲು ರೆಗ್ಯುಲೇಟರಿ ಟಿ ಕೋಶಗಳು ಅನ್ನುವ ಇನ್ನೊಂದು ಗುಂಪು ಇದೆ. ಇವನ್ನು 1995ರಲ್ಲಿ ಗುರುತಿಸಿದ ಶಿಮೋನ್ ಸಕಾಗುಚಿ, ಇವಕ್ಕೆ ಬೇಕಾದ ಫಾಕ್ಸ್‌ಪಿ3 ಜೀನ್ ಪತ್ತೆ ಮಾಡಿದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ಈ ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಬಂದಿದೆ. ಆ ಒಂದು ಜೀನ್ ಕೆಟ್ಟಿದ್ದರೆ ಹಸುಗೂಸಿನಲ್ಲೇ ಸಕ್ಕರೆ ಕಾಯಿಲೆ, ಕರುಳಿನ ಉರಿಯೂತ, ಚರ್ಮದ ತೊಂದರೆ ಎಲ್ಲಾ ಶುರುವಾಗುತ್ತವೆ. ಈ ತಡೆ ಎಷ್ಟು ಮುಖ್ಯ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಮೂರನೆಯ ತಡೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ಯಾಂಕ್ ಲಾಕರ್ ನೋಡಿದ್ದೀರಲ್ವಾ, ನಿಮ್ಮ ಕೀ ಒಂದರಿಂದಲೇ ತೆರೆಯುವುದಿಲ್ಲ, ಬ್ಯಾಂಕಿನವರ ಕೀಯೂ ಬೇಕು. ಟಿ ಕೋಶವೂ ಹಾಗೆಯೇ. ತನ್ನ ರಿಸೆಪ್ಟರ್‌ಗೆ ಹೊಂದುವ ವಸ್ತು ಸಿಕ್ಕರಷ್ಟೇ ಸಾಲದು. ಸಿಡಿ28 ಅನ್ನುವ ಎರಡನೇ ರಿಸೆಪ್ಟರ್‌ಗೂ ಸುದ್ದಿ ಬರಬೇಕು. ಮೊದಲನೆಯದು ಮಾತ್ರ ಬಂದು ಎರಡನೆಯದು ಬರದಿದ್ದರೆ ಆ ಕೋಶ ಮಂಕಾಗಿ ಕೂರುತ್ತದೆ. ಕೆಲಸ ಶುರುವಾದ ಮೇಲೆ ಅದನ್ನು ನಿಲ್ಲಿಸಲು ಸಿಟಿಎಲ್‌ಎ-4, ಪಿಡಿ-1 ಅನ್ನುವ ಬೇರೆ ರಿಸೆಪ್ಟರ್‌ಗಳೂ ಇವೆ.

ನಿಮ್ಮ ಕೀಲುಗಳಲ್ಲಿ ಏನಾಯಿತು ಅಂತ ಈಗ ಹೇಳಿದರೆ ಅರ್ಥವಾಗುತ್ತದೆ. ನಮ್ಮ ಪ್ರೋಟೀನುಗಳಲ್ಲಿ ಆರ್ಜಿನೀನ್ ಅನ್ನುವ ಅಮೈನೋ ಆಮ್ಲ ಇದೆ. ಎಲ್ಲಾದರೂ ಉರಿಯೂತ ಆದಾಗ ಒಂದು ಕಿಣ್ವ ಅದನ್ನು ಸಿಟ್ರುಲಿನ್ ಆಗಿ ಬದಲಿಸುತ್ತದೆ. ಇದು ಯಾರಲ್ಲಾದರೂ ನಡೆಯುವ ಕ್ರಿಯೆ. ಸಿಗರೇಟ್ ಹೊಗೆಯಿಂದ ಶ್ವಾಸಕೋಶದಲ್ಲಿ, ವಸಡಿನ ಕಾಯಿಲೆಯಿಂದ ಬಾಯಲ್ಲಿ ಇದು ಜಾಸ್ತಿ. ಟಿ ಕೋಶಕ್ಕೆ ಪ್ರೋಟೀನಿನ ತುಣುಕನ್ನು ಹಿಡಿದು ತೋರಿಸುವ ಎಚ್‌ಎಲ್‌ಎ ಅಣು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಕೆಲವರಲ್ಲಿರುವ ಎಚ್‌ಎಲ್‌ಎ-ಡಿಆರ್‌ಬಿ1 ಬಗೆಗಳ ತಗ್ಗಿನಲ್ಲಿ ಆರ್ಜಿನೀನ್ ಸರಿಯಾಗಿ ಕೂರುವುದಿಲ್ಲ, ಎರಡಕ್ಕೂ ಧನ ವಿದ್ಯುದಂಶ ಇರುವುದರಿಂದ ದೂರ ತಳ್ಳಿಕೊಳ್ಳುತ್ತವೆ. ಸಿಟ್ರುಲಿನ್‌ಗೆ ಆ ಅಂಶ ಇಲ್ಲ, ಅದು ಭದ್ರವಾಗಿ ಕೂರುತ್ತದೆ. ಅಲ್ಲಿಗೆ ಟಿ ಕೋಶದ ಕಣ್ಣಿಗೆ ಹಿಂದೆ ಎಂದೂ ಕಾಣದ ಹೊಸ ವಸ್ತು ಬಿದ್ದಂತಾಯಿತು.

ಇತ್ತ ಬಿ ಕೋಶಗಳಲ್ಲೂ ಸಿಟ್ರುಲಿನ್ ಇರುವ ಪ್ರೋಟೀನಿಗೆ ಹೊಂದುವ ರಿಸೆಪ್ಟರ್ ಇರುವಂಥವು ಕೆಲವು ಇರುತ್ತವೆ. ಅವು ಆ ಪ್ರೋಟೀನನ್ನು ಹಿಡಿದು ಒಳಗೆಳೆದು, ಒಡೆದು, ಟಿ ಕೋಶಕ್ಕೆ ತೋರಿಸುತ್ತವೆ. ಟಿ ಕೋಶ ನೆರವು ಕೊಡುತ್ತದೆ. ನೆರವು ಸಿಕ್ಕ ಬಿ ಕೋಶ ಸಾವಿರಾರಾಗಿ ಬೆಳೆದು ಆಂಟಿಬಾಡಿ ಸುರಿಯುತ್ತದೆ. ಬಿ ಕೋಶದ ರಿಸೆಪ್ಟರ್ ಮತ್ತು ಅದು ತಯಾರಿಸುವ ಆಂಟಿಬಾಡಿ ಗುರುತು ಹಿಡಿಯುವುದು ಒಂದೇ ವಸ್ತುವನ್ನು. ಆಂಟಿಬಾಡಿ ಅಂದರೆ ಕೋಶದಿಂದ ಬಿಡಿಯಾಗಿ ರಕ್ತಕ್ಕೆ ಬಂದ ರಿಸೆಪ್ಟರ್ ಅಂತಲೇ ಅಂದುಕೊಳ್ಳಿ. ನಿಮ್ಮ ರಿಪೋರ್ಟಿನ ಆಂಟಿ-ಸಿಸಿಪಿ ಅದೇ. ಬಹಳ ಜನರಲ್ಲಿ ಇದು ಕೀಲು ಊದಿಕೊಳ್ಳುವ ಕೆಲವು ವರ್ಷ ಮೊದಲೇ ರಕ್ತದಲ್ಲಿ ಇರುತ್ತದೆ.

ಕೀಲಿನ ಒಳಪೊರೆಗೆ ಈ ಕೋಶಗಳು ಬಂದು ಸೇರಿದ ಮೇಲೆ ಟಿಎನ್‌ಎಫ್, ಐಎಲ್-6 ಅನ್ನುವ ರಾಸಾಯನಿಕಗಳು ಹೊರಡುತ್ತವೆ. ಸುತ್ತಲಿನ ಕೋಶಗಳು ತಮ್ಮ ರಿಸೆಪ್ಟರ್ ಮೂಲಕ ಅವನ್ನು ಗ್ರಹಿಸಿ ಊತ, ನೋವು, ಮೂಳೆ ಸವೆತ ತರುತ್ತವೆ. ಟಿಎನ್‌ಎಫ್ ಒಂದನ್ನು ತಡೆದರೂ ಸಾಕು, ಎಷ್ಟೋ ಜನರ ಕೀಲಿನ ಊತ ಇಳಿಯುತ್ತದೆ ಅಂತ 1990ರ ದಶಕದಲ್ಲಿ ಲಂಡನ್ನಿನಲ್ಲಿ ತೋರಿಸಿದವರು ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ. ಅದಕ್ಕೂ ಮೊದಲು ಈ ಕಾಯಿಲೆಯ ಎಷ್ಟೋ ಜನರ ಕೈಬೆರಳು ಸೊಟ್ಟಗಾಗುವುದನ್ನು ನೋಡುತ್ತಾ ಕೂರಬೇಕಾಗಿತ್ತು. ಇವತ್ತು ನಿಮ್ಮ ಡಾಕ್ಟರ ಕೈಯಲ್ಲಿ ಇಷ್ಟು ಆಯ್ಕೆಗಳಿರುವುದಕ್ಕೆ ಅವರಿಬ್ಬರ ಕೆಲಸ ದೊಡ್ಡ ಕಾರಣ.

ಒಂದು ಗೊಂದಲ ಬಿಡಿಸುತ್ತೇನೆ. ರೋಗನಿರೋಧಕ ಕೋಶಗಳು ನಮ್ಮದೇ ಮೈಯ ಮೇಲೆ ತಿರುಗಿಬೀಳುವ ಇಂಥ ಕಾಯಿಲೆಗಳಿಗೆ ಆಟೋಇಮ್ಯೂನ್ ಕಾಯಿಲೆ ಅನ್ನುತ್ತಾರೆ. ‘ಆಟೋಇಮ್ಯೂನ್ ಕಾಯಿಲೆ, ರಿಸೆಪ್ಟರ್’ ಅಂತ ಹುಡುಕಿದರೆ ಗ್ರೇವ್ಸ್ ಕಾಯಿಲೆ, ಮಯಸ್ತೇನಿಯಾ ಗ್ರಾವಿಸ್ ಇವುಗಳ ಬಗ್ಗೆಯೂ ಸಿಗುತ್ತದೆ. ಅಲ್ಲಿ ಆಂಟಿಬಾಡಿಗಳು ಥೈರಾಯ್ಡಿನ ಅಥವಾ ಸ್ನಾಯುವಿನ ರಿಸೆಪ್ಟರ್ ಮೇಲೆಯೇ ಹೋಗಿ ಕೂರುತ್ತವೆ. ನಿಮ್ಮ ಕಾಯಿಲೆಯಲ್ಲಿ ಹಾಗಿಲ್ಲ. ಮೈದುನ ಎರಡನ್ನೂ ಸೇರಿಸಿ ಓದಿರಬಹುದು.

ಈಗ ಇಮ್ಯುನಿಟಿ ವಿಚಾರ. ನಿಮ್ಮ ಅತ್ತೆಗೆ ನಿಮ್ಮ ಮೇಲೆ ಪ್ರೀತಿ ಇದೆ, ಕಷಾಯ ಅದಕ್ಕೇ ಬರುತ್ತಿದೆ. ಆದರೆ ನಿಮ್ಮ ತೊಂದರೆ ಶಕ್ತಿ ಕಡಿಮೆಯಾಗಿ ಬಂದದ್ದಲ್ಲ. ಜಾಸ್ತಿಯಾಗಿ ಬಂದದ್ದೂ ಅಲ್ಲ. ಗುರುತು ತಪ್ಪಿದೆ, ತಡೆ ಸಡಿಲಾಗಿದೆ. ತಡೆ ಸಡಿಲಾದಲ್ಲಿ ಉತ್ತೇಜನ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ವೈದ್ಯಕೀಯದಲ್ಲಿ ಎರಡು ದೊಡ್ಡ ಪಾಠಗಳಿವೆ. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಅನ್ನುವ ಹೊಸ ಔಷಧಿಯನ್ನು ಆರು ಮಂದಿ ಆರೋಗ್ಯವಂತ ಗಂಡಸರಿಗೆ ಕೊಟ್ಟರು. ಅದು ಆಗಲೇ ಹೇಳಿದ ಸಿಡಿ28 ರಿಸೆಪ್ಟರನ್ನು ನೇರವಾಗಿ ಉತ್ತೇಜಿಸುವಂಥದ್ದು, ಮೊದಲ ಕೀಯ ಅಗತ್ಯವೇ ಇಲ್ಲದೆ. ಆರೂ ಜನರೂ ಕೆಲವೇ ಗಂಟೆಗಳಲ್ಲಿ ಅಂಗಾಂಗ ವೈಫಲ್ಯಕ್ಕೆ ಹೋದರು. ಎಲ್ಲರೂ ಬದುಕಿ ಉಳಿದರು, ಆದರೆ ಬಹಳ ನರಳಿದರು. ಇನ್ನೊಂದು, ಕ್ಯಾನ್ಸರ್ ಚಿಕಿತ್ಸೆ. ಸಿಟಿಎಲ್‌ಎ-4, ಪಿಡಿ-1 ತಡೆಗಳನ್ನು ತೆಗೆದರೆ ಟಿ ಕೋಶಗಳು ಗೆಡ್ಡೆಯ ಮೇಲೆ ಬೀಳುತ್ತವೆ ಅಂತ ಕಂಡುಕೊಂಡ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಸಿಕ್ಕಿತು. ಆ ಔಷಧಿಗಳು ಎಷ್ಟೋ ಪ್ರಾಣ ಉಳಿಸಿವೆ. ಆದರೆ ಅವನ್ನು ತೆಗೆದುಕೊಂಡವರಲ್ಲಿ ಕೆಲವರಿಗೆ ಕೀಲೂತ, ಥೈರಾಯ್ಡ್ ತೊಂದರೆ, ಕರುಳಿನ ಉರಿಯೂತ ಹೊಸದಾಗಿ ಶುರುವಾಗುತ್ತದೆ.

ಅಮೃತಬಳ್ಳಿ ಇಷ್ಟು ಬಲವಾದ್ದಲ್ಲ, ನಿಜ. ಆದರೂ ನಿಮಗೆ ಅದು ಬೇಡ ಅನ್ನುತ್ತೇನೆ, ಕಾರಣ ಯಕೃತ್ತು. ಕೋವಿಡ್ ಕಾಲದಲ್ಲಿ ಜನ ಇದನ್ನು ವಿಪರೀತ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು ಆರು ರೋಗಿಗಳ ಯಕೃತ್ತಿಗೆ ಹಾನಿಯಾದದ್ದನ್ನು ವರದಿ ಮಾಡಿದರು. ಆಮೇಲೆ ದೇಶದ ಹಲವು ಆಸ್ಪತ್ರೆಗಳು ಸೇರಿ 43 ರೋಗಿಗಳ ವಿವರ ಪ್ರಕಟಿಸಿದವು. ಅನೇಕರಲ್ಲಿ ಅದು ಆಟೋಇಮ್ಯೂನ್ ಹೆಪಟೈಟಿಸ್ ತರಹವೇ ಕಾಣಿಸಿಕೊಂಡಿತ್ತು, ಮೊದಲೇ ಆಟೋಇಮ್ಯೂನ್ ಕಾಯಿಲೆ ಇದ್ದವರೂ ಅವರಲ್ಲಿದ್ದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಬೇರೆ ಜಾತಿಯ ಬಳ್ಳಿ ಬೆರೆತಿರಬಹುದು ಅಂದಿತು. ಹಿತ್ತಲಲ್ಲಿ ಬೆಳೆದ ಬಳ್ಳಿ ಯಾವ ಜಾತಿಯದು ಅಂತ ನೀವು ಹೇಗೆ ಗುರುತಿಸುತ್ತೀರಿ? ಅದೂ ಅಲ್ಲದೆ ನೀವು ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಕೂಡ ಯಕೃತ್ತಿನ ಮೇಲೆ ಭಾರ ಹಾಕುವ ಔಷಧಿ. ಲಿವರ್ ಪರೀಕ್ಷೆಯಲ್ಲಿ ಎಸ್‌ಜಿಪಿಟಿ ಏರಿದರೆ ಯಾವುದರಿಂದ ಅಂತ ತಿಳಿಯದೆ ಒಳ್ಳೆಯ ಔಷಧಿಯನ್ನು ಬಿಡಬೇಕಾಗುತ್ತದೆ. ಅತ್ತೆಗೆ ಹೀಗೆ ಹೇಳಿ: ‘ಅತ್ತೆ, ಡಾಕ್ಟರು ಲಿವರ್ ಟೆಸ್ಟ್ ನೋಡಬೇಕಂತೆ, ಅದಕ್ಕೆ ಕಷಾಯ ಬೇಡ ಅಂದಿದ್ದಾರೆ.’ ಮನೆಯಲ್ಲಿ ಜಗಳ ಆಗುವುದಿಲ್ಲ, ಮಾತೂ ಸುಳ್ಳಲ್ಲ.

ಕಷಾಯಕ್ಕಿಂತ ನನಗೆ ಹೆಚ್ಚು ಭಯ ಇರುವುದು ‘ವಾತಕ್ಕೆ ರಾಮಬಾಣ’ ಅಂತ ಸಿಗುವ ಹೆಸರಿಲ್ಲದ ಪುಡಿ, ಗುಳಿಗೆಗಳ ಬಗ್ಗೆ. ಎರಡೇ ದಿನಕ್ಕೆ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿದೆಯಾ ಅಂತ ಅನುಮಾನಪಡಿ. ಮುಖ ಊದಿ, ಸಕ್ಕರೆ ಏರಿ, ಮೂಳೆ ಸವೆದು ನಮ್ಮ ಹತ್ತಿರ ಬರುವವರು ಈಗಲೂ ಇದ್ದಾರೆ. ಬದನೆಕಾಯಿ, ಆಲೂಗಡ್ಡೆ, ಹುಳಿ ಬಿಡಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಬೇಕಿಲ್ಲ. ಹೊಟ್ಟೆಗೆ ಒಗ್ಗಿದ್ದನ್ನು ತಿನ್ನಿ. ಹಲ್ಲು ಮತ್ತು ವಸಡು ಚೆನ್ನಾಗಿ ಇಟ್ಟುಕೊಳ್ಳಿ. ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ ಹೊರಗೆ ಕಳಿಸಿ.

ಔಷಧಿಗಳು ಇಮ್ಯುನಿಟಿಯನ್ನೇ ಸಾಯಿಸುತ್ತವೆ ಅನ್ನುವ ಮಾತಿಗೆ ಬರುತ್ತೇನೆ. ಸಾಯಿಸುವುದಿಲ್ಲ. ಒಂದೊಂದು ಔಷಧಿಯೂ ಒಂದೊಂದು ದಾರಿಯನ್ನು ಮುಚ್ಚುತ್ತದೆ. ಆ ದಾರಿಯಲ್ಲಿ ನಡೆಯುತ್ತಿದ್ದ ಒಳ್ಳೆಯ ಕೆಲಸವೂ ಸ್ವಲ್ಪ ನಿಲ್ಲುತ್ತದೆ. ಹಾಗಾಗಿ ‘ಯಾವುದು ಒಳ್ಳೆಯದು’ ಅಂತ ಕೇಳಿದರೆ, ಯಾವ ದಾರಿ ಮುಚ್ಚಿದರೆ ನಿಮಗೆ ಕಡಿಮೆ ಅಪಾಯ ಅಂತ ನೋಡಿ ಉತ್ತರ ಹೇಳಬೇಕಾಗುತ್ತದೆ. ನಿಮ್ಮ ವಿಷಯದಲ್ಲಿ ಅದನ್ನು ತೀರ್ಮಾನಿಸುವುದು ಎರಡು ಸಂಗತಿ: ಮನೆಯಲ್ಲಿ ಆಗಿದ್ದ ಟಿಬಿ, ಮತ್ತು ನೀವು ಮಗು ಯಾವಾಗ ಬಯಸುತ್ತೀರಿ ಅನ್ನುವುದು.

ಅದಕ್ಕೂ ಮೊದಲು, ಹೊಸ ಔಷಧಿ ಸೇರಿಸದೆಯೇ ಇನ್ನೊಂದು ಹೆಜ್ಜೆ ಉಳಿದಿದೆಯಾ ನೋಡಿ. ಮೆಥೊಟ್ರೆಕ್ಸೇಟನ್ನು ವಾರಕ್ಕೆ 20ರಿಂದ 25 ಮಿಲಿಗ್ರಾಂವರೆಗೂ ಏರಿಸಬಹುದು. 15ಕ್ಕಿಂತ ಮೇಲೆ ಮಾತ್ರೆಯಾಗಿ ನುಂಗಿದ್ದು ಪೂರ್ತಿ ರಕ್ತಕ್ಕೆ ಸೇರುವುದಿಲ್ಲ, ಚರ್ಮದ ಕೆಳಗೆ ಇಂಜೆಕ್ಷನ್ ಆಗಿ ಕೊಟ್ಟರೆ ಚೆನ್ನಾಗಿ ಸೇರುತ್ತದೆ. ಸಲ್ಫಾಸಲಜೀನ್ ಸೇರಿಸಿ ಮೂರು ಔಷಧಿಗಳ ಜೋಡಿ ಮಾಡುವುದೂ ಉಂಟು. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಈ ಅಗ್ಗದ ಮೂರರ ಜೋಡಿ, ದುಬಾರಿ ಎಟನರ್ಸೆಪ್ಟ್ ಮತ್ತು ಮೆಥೊಟ್ರೆಕ್ಸೇಟ್ ಜೋಡಿಗೆ ಸರಿಸಾಟಿಯಾಗಿ ನಿಂತಿತು. ನಿಮ್ಮ ಡಾಕ್ಟರು ಇವನ್ನೆಲ್ಲ ಯೋಚಿಸಿಯೇ ಮುಂದಿನದಕ್ಕೆ ಹೋಗಿರಬಹುದು. ರಕ್ತಪರೀಕ್ಷೆ ಅಥವಾ ವಾಕರಿಕೆಯ ಕಾರಣದಿಂದ ಡೋಸ್ ಏರಿಸಲು ಆಗದೆಯೂ ಇರಬಹುದು. ಕೇಳುವುದರಲ್ಲಿ ತಪ್ಪಿಲ್ಲ.

ರಿಟುಕ್ಸಿಮಾಬ್ ಬಿ ಕೋಶಗಳ ಮೇಲಿರುವ ಸಿಡಿ20 ಅನ್ನುವ ಗುರುತಿಗೆ ಅಂಟಿಕೊಂಡು ಆ ಕೋಶಗಳನ್ನು ತೆಗೆದುಹಾಕುತ್ತದೆ. ಸಾಮಾನ್ಯವಾಗಿ ಎರಡು ವಾರದ ಅಂತರದಲ್ಲಿ 1,000 ಮಿಲಿಗ್ರಾಂನಂತೆ ಎರಡು ಡ್ರಿಪ್. ಆಂಟಿ-ಸಿಸಿಪಿ ಇರುವವರಲ್ಲಿ ಇದು ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ. ಟಿಬಿ ಮತ್ತೆ ಏಳುವ ಭಯ ‘ಟಿಎನ್‌ಎಫ್ ತಡೆ’ಗಳಿಗಿಂತ, ಅಂದರೆ ಟಿಎನ್‌ಎಫ್ ಅನ್ನು ತಡೆಯುವ ಔಷಧಿಗಳಿಗಿಂತ, ಇದರಲ್ಲಿ ಕಡಿಮೆ. ಟಿಬಿ ಜಾಸ್ತಿ ಇರುವ ನಮ್ಮ ದೇಶದಲ್ಲಿ ಡಾಕ್ಟರುಗಳು ಇದನ್ನು ಇಷ್ಟಪಡಲು ಅದೂ ಒಂದು ಕಾರಣ. 2007ರಿಂದ ಇಲ್ಲಿಯೇ ತಯಾರಾದ ಬಯೋಸಿಮಿಲರ್ (ಮೂಲ ಔಷಧಿಯನ್ನೇ ಹೋಲುವ ಪ್ರತಿ) ಸಿಗುತ್ತಿರುವುದರಿಂದ ಬೆಲೆಯೂ ಇಳಿದಿದೆ. ಆಂಟಿಬಾಡಿ ಸುರಿಯುವ ಪಕ್ವ ಪ್ಲಾಸ್ಮಾ ಕೋಶಗಳ ಮೇಲೆ ಸಿಡಿ20 ಇರುವುದಿಲ್ಲ. ಹಾಗಾಗಿ ಹಳೆಯ ಲಸಿಕೆಗಳ ರಕ್ಷಣೆ ಬಹುಮಟ್ಟಿಗೆ ಉಳಿಯುತ್ತದೆ. ಅದೇ ಕಾರಣಕ್ಕೆ ಕೀಲು ವಾಸಿಯಾದರೂ ಆಂಟಿ-ಸಿಸಿಪಿ ಸಂಖ್ಯೆ ಅಷ್ಟಾಗಿ ಇಳಿಯದೇ ಇರಬಹುದು. ಆ ಟೆಸ್ಟನ್ನು ಪದೇ ಪದೇ ಮಾಡಿಸಿ ದುಡ್ಡು ಕಳೆಯಬೇಡಿ. ಊತ, ಬಿಗಿತ, ಉರಿಯೂತ ಅಳೆಯುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ ನೋಡಿದರೆ ಸಾಕು.

ಅಪಾಯಗಳೂ ಇವೆ. ಡ್ರಿಪ್ ಹಾಕುವಾಗ ಚಳಿ, ಜ್ವರ, ಉಸಿರಾಟದ ತೊಂದರೆ ಬರಬಹುದು. ಹೆಪಟೈಟಿಸ್ ಬಿ ವೈರಸ್ ಮೈಯೊಳಗೆ ಅಡಗಿದ್ದರೆ ಜೋರಾಗಿ ಮೇಲೇಳಬಹುದು. ಹಲವು ಸಲ ಕೊಟ್ಟಾಗ ಒಟ್ಟು ಆಂಟಿಬಾಡಿ ಮಟ್ಟ ಇಳಿದು ಸೋಂಕು ಹೆಚ್ಚಬಹುದು. ತೀರಾ ಅಪರೂಪಕ್ಕೆ ಮಿದುಳಿನ ಒಂದು ವೈರಸ್ ಸೋಂಕು ಬಂದದ್ದಿದೆ. ಬಿ ಕೋಶಗಳು ಮರಳಲು ಆರು ತಿಂಗಳು, ವರ್ಷ ಬೇಕು. ಆ ಅವಧಿಯಲ್ಲಿ ಹೊಸ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಹಾಗಾಗಿ ನ್ಯುಮೋನಿಯಾ ಮತ್ತು ಫ್ಲೂ ಲಸಿಕೆಗಳನ್ನು ಮೊದಲೇ ಹಾಕಿಸಿಕೊಳ್ಳಬೇಕು. ಗರ್ಭಿಣಿಗೆ ಕೊಟ್ಟರೆ ಹುಟ್ಟಿದ ಮಗುವಿನಲ್ಲೂ ಬಿ ಕೋಶ ಕಡಿಮೆ ಇರಬಹುದು. ಅಂದರೆ ಒಮ್ಮೆ ಡ್ರಿಪ್ ಹಾಕಿದ ಮೇಲೆ ಮನಸ್ಸು ಬದಲಿಸಿ ‘ಈಗಲೇ ಮಗು’ ಅನ್ನುವುದು ಸುಲಭ ಅಲ್ಲ.

ಟೊಫಾಸಿಟಿನಿಬ್ ರಿಸೆಪ್ಟರನ್ನು ಮುಟ್ಟುವುದಿಲ್ಲ. ರಿಸೆಪ್ಟರಿನ ಒಳತುದಿಗೆ ಅಂಟಿಕೊಂಡು ಸುದ್ದಿ ದಾಟಿಸುವ ಜಾಕ್ ಕಿಣ್ವವನ್ನು ತಡೆಯುತ್ತದೆ. ಹಾಗಾಗಿ ಒಂದೇ ಮಾತ್ರೆ ಹಲವು ರಿಸೆಪ್ಟರ್‌ಗಳ ಸುದ್ದಿಯನ್ನು ತಗ್ಗಿಸುತ್ತದೆ. ಬೇಗ ಗುಣ ಕಾಣುತ್ತದೆ, ಡ್ರಿಪ್‌ಗಾಗಿ ರಜೆ ಹಾಕಬೇಕಿಲ್ಲ, ಜೆನೆರಿಕ್ ಸಿಗುವುದರಿಂದ ಕೈಗೆಟುಕುತ್ತದೆ. ಆದರೆ ಸರ್ಪಸುತ್ತು ಬರುವುದು ಜಾಸ್ತಿ, ಟಿಬಿಯ ಭಯ ಇದೆ, ಕೊಲೆಸ್ಟ್ರಾಲ್ ಏರುತ್ತದೆ. 50 ದಾಟಿ ಹೃದಯದ ಅಪಾಯ ಇದ್ದವರಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಹೃದಯಾಘಾತ, ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವುದು ಟಿಎನ್‌ಎಫ್ ತಡೆ ತೆಗೆದುಕೊಂಡವರಿಗಿಂತ ಹೆಚ್ಚು ಕಂಡಿತು. ಅದರ ಮೇಲೆ 2021ರಲ್ಲಿ ಅಮೆರಿಕದ ಎಫ್‌ಡಿಎ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿತು. ನಿಮ್ಮ ವಯಸ್ಸಿಗೆ ಆ ಅಪಾಯ ಚಿಕ್ಕದು. ಆದರೆ ಗರ್ಭಿಣಿಯರಿಗೆ ಇದು ಬೇಡ.

ಈ ಎರಡರ ಆಚೆಗೂ ಆಯ್ಕೆಗಳಿವೆ. ಟಿಎನ್‌ಎಫ್ ತಡೆಯುವ ಅಡಾಲಿಮುಮಾಬ್, ಎಟನರ್ಸೆಪ್ಟ್, ಸರ್ಟೊಲಿಜುಮಾಬ್ ಇವೆ. ಎಟನರ್ಸೆಪ್ಟ್ ಅನ್ನುವುದು ಟಿಎನ್‌ಎಫ್ ರಿಸೆಪ್ಟರಿನದೇ ಒಂದು ಕೃತಕ ಪ್ರತಿ, ಟಿಎನ್‌ಎಫ್ ನಿಮ್ಮ ಕೋಶಕ್ಕೆ ಮುಟ್ಟುವ ಮೊದಲೇ ಹಿಡಿದುಬಿಡುತ್ತದೆ. ಟಿಎನ್‌ಎಫ್ ತಡೆಗಳ ದೊಡ್ಡ ಅಪಾಯ ಅಡಗಿದ ಟಿಬಿ. ಮಾವನವರ ಜೊತೆ ಒಂದೇ ಮನೆಯಲ್ಲಿದ್ದ ನಿಮಗೆ ಎದೆಯ ಎಕ್ಸ್‌ರೇ, ಮಾಂಟೂ ಅಥವಾ ಐಜಿಆರ್‌ಎ ಪರೀಕ್ಷೆ ಆಗಲೇಬೇಕು. ಅಡಗಿದ ಟಿಬಿ ಇದ್ದರೆ ಅದಕ್ಕೆ ಔಷಧಿ ಶುರುಮಾಡಿ, ಸಾಮಾನ್ಯವಾಗಿ ಒಂದು ತಿಂಗಳಾದ ಮೇಲೆ ಇದನ್ನು ಕೊಡುತ್ತಾರೆ. ಟೊಫಾಸಿಟಿನಿಬ್‌ಗೂ ಇದೇ ಪರೀಕ್ಷೆ ಬೇಕು. ಅಬಟಾಸೆಪ್ಟ್ ಎರಡನೇ ಕೀಯನ್ನೇ ತಡೆಹಿಡಿಯುವ ಔಷಧಿ, ಟೊಸಿಲಿಜುಮಾಬ್ ಐಎಲ್-6 ರಿಸೆಪ್ಟರನ್ನು ಮುಚ್ಚುತ್ತದೆ. ಎರಡೂ ಒಳ್ಳೆಯವೇ, ಬೆಲೆ ಜಾಸ್ತಿ. ಟಿ ಕೋಶದ ಸಿಡಿ6 ರಿಸೆಪ್ಟರಿಗೆ ಅಂಟುವ ಇಟೊಲಿಜುಮಾಬ್ ಅನ್ನು ಬೆಂಗಳೂರಿನ ಬಯೋಕಾನ್ 2013ರಲ್ಲಿ ಮಾರುಕಟ್ಟೆಗೆ ತಂದಿತು, ಆದರೆ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಸೋರಿಯಾಸಿಸ್‌ಗೆ.

ನನ್ನ ಅಭಿಪ್ರಾಯ ಕೇಳಿದರೆ ಹೀಗೆ. ಒಂದು ವರ್ಷದೊಳಗೆ ಮಗು ಬೇಕು ಅಂದರೆ ಈ ಎರಡೂ ಬೇಡ. ಹೈಡ್ರಾಕ್ಸಿಕ್ಲೋರೋಕ್ವಿನ್ ಮುಂದುವರಿಸಿ, ಸಲ್ಫಾಸಲಜೀನ್ ಸೇರಿಸಿ, ಮೆಥೊಟ್ರೆಕ್ಸೇಟ್ ನಿಲ್ಲಿಸಿ, ಅಷ್ಟಕ್ಕೆ ಕೀಲು ಹತೋಟಿಗೆ ಬರದಿದ್ದರೆ ಟಿಬಿ ಪರೀಕ್ಷೆ ಮಾಡಿಸಿ ಟಿಎನ್‌ಎಫ್ ತಡೆ. ಅವುಗಳಲ್ಲಿ ಸರ್ಟೊಲಿಜುಮಾಬ್ ಮಗುವಿಗೆ ದಾಟುವುದು ತೀರಾ ಕಡಿಮೆ, ಗರ್ಭದ ಕೊನೆಯವರೆಗೂ ಕೊಡಬಹುದು. ಎರಡು ಮೂರು ವರ್ಷ ಕಾಯುತ್ತೀರಿ ಅಂದರೆ, ಮೊದಲು ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಮೂರು ತಿಂಗಳು ನೋಡಿ, ಸಾಲದಿದ್ದರೆ ರಿಟುಕ್ಸಿಮಾಬ್. ಸುಮ್ನೆ ಕಾಯುವುದು ಮಾತ್ರ ಬೇಡ. ಊದಿಕೊಂಡೇ ಇರುವ ಮಣಿಕಟ್ಟು ಒಳಗೆ ಸವೆಯುತ್ತಿರುತ್ತದೆ, ಸವೆದ ಮೂಳೆ ಮೊದಲಿನಂತಾಗುವುದಿಲ್ಲ. ಹತೋಟಿಯಲ್ಲಿ ಇಲ್ಲದ ಕಾಯಿಲೆ ಗರ್ಭಕ್ಕೂ ಒಳ್ಳೆಯದಲ್ಲ.

ಮಗಳ ಬಗ್ಗೆ ನಿಶ್ಚಿಂತೆಯಿಂದ ಇರಿ. ತಾಯಿಗೆ ಇದ್ದರೆ ಮಗಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಕೆಲವು ಪಟ್ಟು ಹೆಚ್ಚು, ನಿಜ. ಆದರೆ ಮೂಲ ಸಾಧ್ಯತೆಯೇ ನೂರಕ್ಕೆ ಒಂದರಷ್ಟು. ಅಂಥ ನೂರು ಹೆಣ್ಣುಮಕ್ಕಳಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಗೆ ಬರುವುದೇ ಇಲ್ಲ. ಎಲ್ಲಾ ಜೀನ್‌ಗಳೂ ಒಂದೇ ಆಗಿರುವ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಸುಮಾರು ನೂರಕ್ಕೆ 15 ಸಲ ಮಾತ್ರ. ಅವಳಿಗಳಲ್ಲೂ ಟಿ, ಬಿ ಕೋಶಗಳ ರಿಸೆಪ್ಟರ್‌ಗಳು ಬೇರೆ ಬೇರೆಯಾಗಿಯೇ ತಯಾರಾಗುತ್ತವೆ, ನೆನಪಿದೆಯಲ್ವಾ. ಮಗಳಿಗೆ ಎಚ್‌ಎಲ್‌ಎ ಟೆಸ್ಟ್, ಆಂಟಿ-ಸಿಸಿಪಿ ಟೆಸ್ಟ್ ಯಾವುದೂ ಬೇಡ.

ಕೊನೆಗೆ, ರಿಸೆಪ್ಟರನ್ನೇ ಸರಿ ಮಾಡಬಹುದಾ ಅನ್ನುವ ಪ್ರಶ್ನೆ. ಅದರ ಹತ್ತಿರಕ್ಕೆ ವಿಜ್ಞಾನ ಬಂದಿದೆ. ಜರ್ಮನಿಯ ಎರ್ಲಾಂಗನ್‌ನಲ್ಲಿ ಗಿಯೋರ್ಗ್ ಶೆಟ್ ಅವರ ತಂಡ ರೋಗಿಯದೇ ಟಿ ಕೋಶ ತೆಗೆದು, ಅದಕ್ಕೆ ಪ್ರಯೋಗಾಲಯದಲ್ಲಿ ತಯಾರಿಸಿದ ಹೊಸ ರಿಸೆಪ್ಟರ್ ಕೂರಿಸಿ ಮರಳಿ ಕೊಡುತ್ತದೆ. ಆ ಕೋಶಗಳು ಬಿ ಕೋಶಗಳನ್ನು ಆಳದವರೆಗೂ ತೆಗೆದುಹಾಕುತ್ತವೆ. ಇದೇ ಕಾರ್-ಟಿ. 2024ರಲ್ಲಿ ಅವರು 15 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ 8 ಮಂದಿಗೆ ಲೂಪಸ್ ಅನ್ನುವ ಇನ್ನೊಂದು ಆಟೋಇಮ್ಯೂನ್ ಕಾಯಿಲೆ ಇತ್ತು, ಆ ಎಂಟೂ ಜನರ ಕಾಯಿಲೆ ಅಡಗಿತು, ಔಷಧಿಗಳನ್ನು ನಿಲ್ಲಿಸಲು ಆಯಿತು. ಹೊಸದಾಗಿ ಹುಟ್ಟಿ ಬಂದ ಬಿ ಕೋಶಗಳು ಹಳೆಯ ತಪ್ಪು ಗುರುತನ್ನು ತರಲಿಲ್ಲ ಅನ್ನುವುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಆದರೆ ಆ 15 ಜನರಲ್ಲಿ ನಿಮ್ಮ ಕಾಯಿಲೆಯವರು ಇರಲಿಲ್ಲ. ಚಿಕಿತ್ಸೆಗೆ ಮೊದಲು ಕೀಮೋ ಕೊಡಬೇಕು, ಅದು ಅಂಡಾಶಯಕ್ಕೆ ತೊಂದರೆ ಕೊಡಬಹುದು. ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19ಗೆ 2023ರಲ್ಲಿ ಒಪ್ಪಿಗೆ ಸಿಕ್ಕಿದ್ದು ರಕ್ತದ ಕ್ಯಾನ್ಸರ್‌ಗಳಿಗೆ. ಯಾರಾದರೂ ನಿಮ್ಮ ಕೀಲಿಗೆ ‘ಸ್ಟೆಮ್ ಸೆಲ್’, ‘ಸೆಲ್ ಥೆರಪಿ’ ಅಂತ ಲಕ್ಷಗಟ್ಟಲೆ ಕೇಳಿದರೆ ಕೊಡಬೇಡಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಯಜಮಾನರನ್ನೂ ಕರೆದುಕೊಂಡು ಹೋಗಿ. ಮಗುವಿನ ಯೋಚನೆ, ಮಾವನವರ ಟಿಬಿ, ಕಷಾಯ ಈ ಮೂರನ್ನೂ ಬಾಯಿಬಿಟ್ಟು ಹೇಳಿ. ಇತ್ತೀಚಿನ ರಕ್ತಕಣ ಮತ್ತು ಲಿವರ್ ಪರೀಕ್ಷೆಯ ಕಾಗದ ಇರಲಿ. ಹೆಪಟೈಟಿಸ್ ಬಿಗೆ ಎಚ್‌ಬಿಎಸ್‌ಎಜಿ ಜೊತೆ ಆಂಟಿ-ಎಚ್‌ಬಿಸಿಯನ್ನೂ ಬರೆಸಿಕೊಳ್ಳಿ, ಮೊದಲನೆಯದೊಂದೇ ಮಾಡಿದರೆ ಅಡಗಿದ ವೈರಸ್ ತಪ್ಪಿಹೋಗಬಹುದು. ಕಣ್ಣಿನ ಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ ಹೈಡ್ರಾಕ್ಸಿಕ್ಲೋರೋಕ್ವಿನ್‌ಗಾಗಿ ಅದನ್ನೂ ಮಾಡಿಸಿ. ಹೊಸ ಔಷಧಿ ಶುರುವಾದ ಮೇಲೆ ಎರಡು ವಾರ ದಾಟಿದ ಕೆಮ್ಮು, ಬಿಡದ ಜ್ವರ, ಮೈಮೇಲೆ ಒಂದೇ ಪಕ್ಕದಲ್ಲಿ ಗುಳ್ಳೆಗಳ ಸಾಲು, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ.